ಒಬ್ಬನ ಐಡಿ, ಇನ್ನೊಬ್ಬನ ಮುಖ: ಪುಣೆಯ ಖಾನಾವಳಿಯೊಂದರಲ್ಲಿ ನಡೆದ ಪ್ರಕರಣ

ಈ ಪ್ರಕರಣ ನಡೆದದ್ದು ಪಿಂಪರಿ-ಚಿಂಚವಡದ ಪಶ್ಚಿಮ ಭಾಗದಲ್ಲಿ, ಹಿಂಜವಡಿಯ ಐಟಿ ಪಾರ್ಕಿನ ಸುತ್ತಮುತ್ತ ಊಟ, ಕಿರಾಣಿ, ಔಷಧ ಮುಟ್ಟಿಸುವ ಹುಡುಗರು ಖೋಲಿ ಹಿಡಿದಿರುವ ಒಂದು ಓಣಿಯಲ್ಲಿ. ಇಲ್ಲಿ ಬರುವ ಹೆಸರುಗಳೆಲ್ಲ ಬದಲಿಸಿದವು. ಕಂಪನಿ, ಆಸ್ಪತ್ರೆ, ವಸತಿ ಸಮುಚ್ಚಯ ಯಾವುದರ ಗುರುತನ್ನೂ ಕೊಟ್ಟಿಲ್ಲ. ಹಣದ ಮೊತ್ತಗಳನ್ನೂ ಅಲ್ಲಲ್ಲಿ ತುಸು ಬದಲಿಸಿದ್ದೇನೆ. ಸಹಕಾರಿ ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ನಾನು ಈ ಹುಡುಗರು ಕೂಡಿ ನಡೆಸುವ ನಿಧಿಯ ಲೆಕ್ಕದ ವಹಿಯನ್ನು ಆಗಾಗ ನೋಡಿಕೊಡುತ್ತೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.

ಹಿನ್ನೆಲೆ

ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳಿಂದ ಪುಣೆಗೆ ದುಡಿಯಲು ಬರುವುದು ಹೊಸ ಸಂಗತಿಯಲ್ಲ. ಸೋಲಾಪುರದ ಮೇಲೆ ಹಾದುಬರುವ ಉದ್ಯಾನ್ ಮತ್ತು ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ರೈಲುಗಳ ಜನರಲ್ ಡಬ್ಬಿಗಳಲ್ಲಿ ಹಿಂದಿನ ತಲೆಮಾರು ಕಟ್ಟಡದ ಕೆಲಸಕ್ಕೆ, ರಸ್ತೆ ಅಗೆಯುವುದಕ್ಕೆ ಬಂದಿತ್ತು. ಅವರನ್ನು ಕರೆತರುತ್ತಿದ್ದವನು ಮುಕಾದಮ. ಮುಂಗಡ ಕೊಟ್ಟು ಕಟ್ಟಿಹಾಕುವವನೂ ಅವನೇ, ಕಾಯಿಲೆ ಬಿದ್ದಾಗ ಬೈದುಕೊಂಡಾದರೂ ಆಸ್ಪತ್ರೆಗೆ ಒಯ್ಯುವವನೂ ಅವನೇ. ಮುಕಾದಮನ ಕಾಲ ಚೆನ್ನಾಗಿತ್ತೆಂದು ನಾನು ಹೇಳಲಾರೆ; ಆದರೆ ಅವನ ಮನೆಯ ಬಾಗಿಲು ಎಲ್ಲಿದೆಯೆಂಬುದು ಎಲ್ಲರಿಗೂ ಗೊತ್ತಿತ್ತು.

ಈಗ ಅದೇ ಮನೆಗಳ ಮಕ್ಕಳು ಬೈಕಿನ ಮೇಲಿದ್ದಾರೆ. ಇಂಥ ಗಿಗ್ ಕೆಲಸಗಾರರು, ಅಂದರೆ ಖಾಯಂ ನೌಕರಿಯಿಲ್ಲದೆ ಬಿಡಿಬಿಡಿ ಕೆಲಸಕ್ಕೆ ದುಡ್ಡು ಪಡೆಯುವವರು, ದೇಶದಲ್ಲಿ 2020-21ರಲ್ಲಿ 77 ಲಕ್ಷದಷ್ಟಿದ್ದರೆಂದೂ 2029-30ರ ಹೊತ್ತಿಗೆ 2.35 ಕೋಟಿ ಮುಟ್ಟಬಹುದೆಂದೂ ನೀತಿ ಆಯೋಗದ 2022ರ ವರದಿ ಅಂದಾಜಿಸಿತ್ತು. ಇವರಿಗೆ ಕೆಲಸ ಹಂಚುವುದು ಮೊಬೈಲಿನ ಆ್ಯಪ್. ಹಾಜರಿ ಹಿಡಿಯುವುದು, ದಂಡ ಹಾಕುವುದು, ತೆಗೆದುಹಾಕುವುದು ಕೂಡ ಅದೇ.

ನಾನು ಹೇಳುತ್ತಿರುವ ಓಣಿಯಲ್ಲಿ ಇಂಡಿ ತಾಲೂಕಿನ ಕಡೆಯ ಹೆಣ್ಣುಮಗಳೊಬ್ಬರು ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾರೆ. ಹುಡುಗರೆಲ್ಲ ಅವರನ್ನು ಅಕ್ಕಾರ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ತಿಂಗಳ ಲೆಕ್ಕದಲ್ಲಿ ಉಣ್ಣುವ ಹನ್ನೆರಡು ಮಂದಿ ಸೇರಿ ಅಲ್ಲಿ ಒಂದು ಭಿಶಿ, ಅಂದರೆ ಪ್ರತಿ ತಿಂಗಳು ಕೂಡಿದ ಹಣವನ್ನು ಪಾಳಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಚೀಟಿ, ನಡೆಸುತ್ತಿದ್ದರು. ತಲೆಗೆ ತಿಂಗಳಿಗೆ ಎರಡು ಸಾವಿರ ರೂಪಾಯಿ. ಮೊದಲ ಕೆಲವು ತಿಂಗಳು ಚೀಟಿ ಎತ್ತುತ್ತಿದ್ದರು, ಆಮೇಲೆ ಲಿಲಾವು (ಹರಾಜು) ಮಾಡುತ್ತಿದ್ದರು. ಬೈಕಿನ ಮುಂಗಡ, ತಂಗಿಯ ಮದುವೆ, ಊರಲ್ಲಿ ಬೋರು ಕೊರೆಸುವುದು ಹೀಗೆ ಮೊದಲೇ ಗೊತ್ತಿರುವ ಖರ್ಚಿಗೆ ಅದು ಚೆನ್ನಾಗಿಯೇ ಒದಗುತ್ತಿತ್ತು.

ತೊಡಕು

2023ರ ಮಳೆಗಾಲದಲ್ಲಿ, ಅಫಜಲಪುರ ಕಡೆಯ ಶರಣು ಎಂಬ ಇಪ್ಪತ್ತನಾಲ್ಕರ ಯುವಕ ಆರ್ಡರ್ ಮುಟ್ಟಿಸಿ ಮರಳುವಾಗ ನೀರು ತುಂಬಿದ ಗುಂಡಿಯಲ್ಲಿ ಬೈಕ್ ಸಮೇತ ಬಿದ್ದ. ಬಲಗೈ ಮಣಿಕಟ್ಟು ಮುರಿಯಿತು, ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಆರು ವಾರ ಪ್ಲಾಸ್ಟರ್ ತೆಗೆಯುವಂತಿಲ್ಲ ಎಂದರು ವೈದ್ಯರು. ಬೈಕು ಅವನ ಸೋದರಮಾವನ ಹೆಸರಿನಲ್ಲಿತ್ತು. ವಾಹನ ವಿಮೆಯ ಜೊತೆಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ನೋಂದಾಯಿತ ಮಾಲೀಕನೇ ಓಡಿಸುವಾಗ ಮಾತ್ರ ಅನ್ವಯಿಸುತ್ತದೆ, ಅದೂ ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಮುರಿದ ಕೈಯ ಆಸ್ಪತ್ರೆ ಬಿಲ್ಲಿಗೆ ಅದು ಹೇಗೂ ಬರುತ್ತಿರಲಿಲ್ಲ. ಭಿಶಿಯೂ ಕೈಹಿಡಿಯಲಿಲ್ಲ. ಶರಣು ತನ್ನ ಪಾಳಿಯ ಹಣವನ್ನು ಎರಡು ತಿಂಗಳ ಹಿಂದೆಯೇ ಎತ್ತಿಕೊಂಡು ಊರಿಗೆ ಕಳಿಸಿದ್ದ. ಗಳಿಕೆ ನಿಂತ ಹೊತ್ತಿನಲ್ಲಿ ಅವನು ಭಿಶಿಗೆ ಕಂತು ಕಟ್ಟಬೇಕಿತ್ತೇ ಹೊರತು ಅದರಿಂದ ಪಡೆಯುವುದೇನೂ ಉಳಿದಿರಲಿಲ್ಲ.

ಅವನ ಜೊತೆ ಒಂದೇ ಖೋಲಿಯಲ್ಲಿದ್ದ ಮಾಳಪ್ಪ ಆಗ ಮಾಡಿದ್ದು ಹಳ್ಳಿಯಲ್ಲಿ ಯಾರಾದರೂ ಮಾಡುವಂಥದ್ದೇ. ಒಬ್ಬರ ಹೊಲಕ್ಕೆ ಆಳು ಬೇಕಾದಾಗ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಯಜಮಾನ ಹಾಸಿಗೆ ಹಿಡಿದರೆ ಅವನ ಬಿತ್ತನೆಯನ್ನು ನೆರೆಯವರು ಮುಗಿಸಿಕೊಡುತ್ತಾರೆ. "ನೀ ಸುಮ್ಮ ಮಕ್ಕೋ, ನಿನ್ನ ಐಡಿ ಮ್ಯಾಲ ನಾ ಗಾಡಿ ಹೊಡಿತೀನಿ" ಎಂದು ಮಾಳಪ್ಪ ಶರಣುವಿನ ಮೊಬೈಲನ್ನು ತೆಗೆದುಕೊಂಡ. ಐಡಿ ಎಂದರೆ ಆ್ಯಪ್‌ನಲ್ಲಿ ಒಬ್ಬೊಬ್ಬನ ಹೆಸರಿಗಿರುವ ಖಾತೆ. ಹಗಲು ತನ್ನ ಐಡಿಯ ಮೇಲೆ, ರಾತ್ರಿ ಗೆಳೆಯನ ಐಡಿಯ ಮೇಲೆ ದುಡಿದ. ಆ ಐಡಿಯ ಗಳಿಕೆಯಲ್ಲಿ ಪೆಟ್ರೋಲಿನ ಖರ್ಚನ್ನು ಬಿಟ್ಟು ಒಂದು ಪೈಸೆಯನ್ನೂ ಅವನು ಇಟ್ಟುಕೊಳ್ಳಲಿಲ್ಲವೆಂದು ಶರಣುವೇ ಹೇಳುತ್ತಾನೆ.

ಆ್ಯಪ್ ನಡುನಡುವೆ ಸೆಲ್ಫಿ ಕೇಳುತ್ತದೆ. ಐಡಿಯನ್ನು ಬಾಡಿಗೆಗೆ ಕೊಡುವ, ಪರಿಶೀಲನೆಗೆ ಒಳಪಡದವರು ಇನ್ನೊಬ್ಬರ ಹೆಸರಿನಲ್ಲಿ ಮನೆಬಾಗಿಲಿಗೆ ಬರುವ ಅಪಾಯ ನಿಜವಾಗಿ ಇರುವುದರಿಂದ ಆ ನಿಯಮವನ್ನು ಅನ್ಯಾಯವೆಂದು ತಳ್ಳಿಹಾಕುವಂತಿಲ್ಲ. ಒಬ್ಬಂಟಿಯಾಗಿರುವ ಗ್ರಾಹಕರಿಗೆ ಅದು ರಕ್ಷಣೆಯೇ. ಮೊದಮೊದಲು ಸೆಲ್ಫಿ ಕೇಳಿದಾಗಲೆಲ್ಲ ಮಾಳಪ್ಪ ಖೋಲಿಗೆ ಓಡಿಬಂದು ಶರಣುವಿನ ಮುಖ ತೋರಿಸಿ ಹೋಗುತ್ತಿದ್ದ. ಒಂದು ಸಂಜೆ ಹಿಂಜವಡಿಯ ಮೂರನೆಯ ಹಂತದಲ್ಲಿ, ಸುರಿಯುವ ಮಳೆ ಮತ್ತು ಕದಲದ ಟ್ರಾಫಿಕ್ಕಿನ ನಡುವೆ ಸಿಕ್ಕಿಬಿದ್ದಾಗ ಆ್ಯಪ್ ಮತ್ತೆ ಕೇಳಿತು. ಗಡುವು ಮೀರುತ್ತಿತ್ತು. ಅವನು ತನ್ನ ಮುಖವನ್ನೇ ತೋರಿಸಿದ. ಸ್ವಲ್ಪ ಹೊತ್ತಿನಲ್ಲಿ ಶರಣುವಿನ ಐಡಿ ಬಂದ್ ಆಯಿತು, ಆ ವಾರದ ಗಳಿಕೆಯೂ ಒಳಗೇ ಉಳಿಯಿತು.

ಈ ಪ್ರಕರಣವನ್ನು ಬರೆಯಬೇಕೆನಿಸಿದ್ದು ಈ ಘಟ್ಟಕ್ಕಾಗಿ. ಇಲ್ಲಿ ನೆರವಿನ ಕೊರತೆ ಇರಲಿಲ್ಲ; ನೆರವು ಬಂದ ರೀತಿಯೇ ಕೆಲಸವನ್ನು ಕಳೆಯಿತು. ಒಬ್ಬನ ಜಾಗದಲ್ಲಿ ಇನ್ನೊಬ್ಬ ನಿಲ್ಲುವುದೇ ನಮ್ಮ ಹಳೆಯ ಪರಸ್ಪರ ಸಹಾಯದ ಬುನಾದಿ, ಹೊಸ ವ್ಯವಸ್ಥೆಗೆ ಅದೇ ವಂಚನೆ.

ಮೊದಲ ಪ್ರಯತ್ನಗಳು

ಹುಡುಗರು ಮೊದಲು ಆ್ಯಪ್‌ನ ಚಾಟ್‌ನಲ್ಲಿ ಬರೆದರು. ಏನು ಬರೆದರೂ ನಿಯಮ ಉಲ್ಲಂಘನೆಯಾಗಿದೆ, ಖಾತೆ ಮುಚ್ಚಲಾಗಿದೆ ಎಂಬ ಅಚ್ಚುಹಾಕಿದ ಉತ್ತರವೇ ಬಂತು. ಕಂಪನಿಯ ಸ್ಥಳೀಯ ಕೇಂದ್ರಕ್ಕೆ ಹೋದಾಗ ಅಲ್ಲಿದ್ದ ತರುಣ ಮರ್ಯಾದೆಯಿಂದಲೇ ಮಾತಾಡಿದ, ಆದರೆ ಆ ನಿರ್ಧಾರ ತನ್ನ ಕೈಯಲ್ಲಿಲ್ಲ ಎಂದ. ಡೆಲಿವರಿ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಶರಣು ಹಾಕಿದ ಧ್ವನಿ ಸಂದೇಶಕ್ಕೆ ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು, ಹಣ ಬಂದದ್ದು ಕೆಲವರಿಂದ ಮಾತ್ರ. ಆ ಗುಂಪನ್ನು ನಾನು ಹಳಿಯುವುದಿಲ್ಲ. ಎಲ್ಲಿ ನೀರು ನಿಂತಿದೆ, ಎಲ್ಲಿ ಪೊಲೀಸರು ಕಾಗದ ನೋಡುತ್ತಿದ್ದಾರೆ ಎಂಬುದನ್ನು ತಿಳಿಸಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಒಬ್ಬನ ಕಾಗದಪತ್ರಗಳನ್ನು ಕೂತು ನೋಡುವ ವ್ಯವಧಾನವನ್ನು ಅದರಿಂದ ನಿರೀಕ್ಷಿಸಲಾಗದು, ಅಷ್ಟೇ.

ಈ ಹಂತದಲ್ಲಿ ಶ್ರೀಧರ ಎಂಬ ಸಾಫ್ಟ್‌ವೇರ್ ಟೆಸ್ಟಿಂಗ್ ಎಂಜಿನಿಯರ್ ಒಳಬಂದರು. ದಾವಣಗೆರೆ ಕಡೆಯವರು, ಪಾರ್ಸೆಲ್ ತಂದ ಹುಡುಗನೊಬ್ಬ ಲಿಫ್ಟಿನ ಮುಂದೆ ಫೋನಿನಲ್ಲಿ ಕನ್ನಡ ಮಾತಾಡುವುದು ಕಿವಿಗೆ ಬಿದ್ದು, ವಿಚಾರಿಸಿ, ಅಕ್ಕಾರ ಕೈಯ ರೊಟ್ಟಿಗೆ ವಾರವಾರ ಬರತೊಡಗಿದ್ದರು. ವಿಷಯ ತಿಳಿದ ದಿನವೇ ತಾವಿರುವ ವಸತಿ ಸೊಸೈಟಿಯ ಕನ್ನಡಿಗರಿಂದ ಹದಿನೈದು ಸಾವಿರ ರೂಪಾಯಿ ಕೂಡಿಸಿ ತಂದರು. ಖಾನಾವಳಿಯಲ್ಲಿ ಆ ಹಣದ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ಆಸ್ಪತ್ರೆಯ ಬಾಕಿ ಎದುರಿಗಿರುವಾಗ ಬೇಡವೆನ್ನಲು ನಾವ್ಯಾರು ಎಂದು ಕೆಲವರು. ನಾಳೆ ಅವರ ಬಾಗಿಲಲ್ಲಿ ನಿಂತಾಗ ತಲೆ ತಗ್ಗಿಸಬೇಕಾದೀತು ಎಂದು ಕೆಲವರು. ಅಕ್ಕಾರ ತೀರ್ಮಾನ ಎರಡಕ್ಕೂ ಜಾಗ ಮಾಡಿಕೊಟ್ಟಿತು. ಈ ಸಲದ ಹಣವನ್ನು ಆಸ್ಪತ್ರೆಗೆಂದು ತೆಗೆದುಕೊಂಡರು. ಮುಂದಿನದಕ್ಕೆ ಅವರು ಹೇಳಿದ್ದು ಇಷ್ಟು: "ಇನ್ನ ಮ್ಯಾಲ ದಾನ ಬ್ಯಾಡ್ರೀ ಸರ. ನಮ್ಮಂಗ ಪಾಲು ಹಾಕ್ರಿ. ನಿಮಗೂ ಒಂದ ದಿನ ಬೇಕಾದೀತು." ಕೊನೆಯ ಮಾತನ್ನು ಆಗ ಯಾರೂ ಗಂಭೀರವಾಗಿ ತೆಗೆದುಕೊಂಡಂತಿರಲಿಲ್ಲ. ಹಣ ಕೊಟ್ಟವರಲ್ಲಿ ಪಾಲು ಹಾಕಲು ಒಪ್ಪಿದವರು ಶ್ರೀಧರರೂ ಸೇರಿ ಮೂವರು.

ಐಡಿಗಾಗಿ ಇಂಗ್ಲಿಷಿನಲ್ಲಿ ಮನವಿ ಬರೆಯುವ ಕೆಲಸ ಶ್ರೀಧರರ ಪಾಲಿಗೆ ಬಂತು. ತಾಂತ್ರಿಕ ದೋಷದಿಂದ ಹೀಗಾಯಿತೆಂದು ಬರೆದುಬಿಡಿ ಎಂದು ಇಬ್ಬರು ಮೂವರು ಒತ್ತಾಯಿಸಿದರು. ನಿಜ ಬರೆದರೆ ಮಾಳಪ್ಪನ ಹೆಸರೂ ಹೇಳಬೇಕಾಗುತ್ತದೆ, ಆಗ ಅವನ ಐಡಿಯೂ ಹೋಗಬಹುದು ಎಂಬ ಭಯ ಎಲ್ಲರಿಗೂ ಇತ್ತು. ಕೊನೆಗೆ, ಗಾಯಗೊಂಡಿದ್ದ ಅವಧಿಯಲ್ಲಿ ಮತ್ತೊಬ್ಬರು ತನ್ನ ಪರವಾಗಿ ಓಡಿಸಿದರೆಂದು ಒಪ್ಪಿಕೊಂಡು, ಯಾರೆಂಬುದನ್ನು ಹೇಳದೆ, ವೈದ್ಯರ ಚೀಟಿಯನ್ನು ಲಗತ್ತಿಸಿ ಕಳಿಸಿದರು. ಐಡಿ ಮರಳಿ ಬರಲಿಲ್ಲ. ಉಳಿದಿದ್ದ ವಾರದ ಗಳಿಕೆ ಮಾತ್ರ ಬಿಡುಗಡೆಯಾಯಿತು. ಸುಳ್ಳು ಬರೆದಿದ್ದರೆ ಐಡಿ ಸಿಗುತ್ತಿತ್ತೇನೋ ಎಂದು ಶರಣು ಇಂದಿಗೂ ಅನ್ನುವುದುಂಟು.

ಆ ಮನವಿಗಾಗಿ ಕಾಗದಗಳನ್ನು ಜೋಡಿಸುವಾಗ, ಯಾರೂ ಯೋಚಿಸಿರದ ಒಂದು ದಾರಿ ಕಂಡಿತು. ಬಿದ್ದ ಹೊತ್ತಿನಲ್ಲಿ ಶರಣು ತನ್ನ ಐಡಿಯಲ್ಲೇ ಲಾಗಿನ್ ಆಗಿದ್ದ. ಕಂಪನಿ ಮಾಡಿಸಿದ್ದ ಅಪಘಾತ ವಿಮೆಗೆ ಅಷ್ಟು ಸಾಕಾಗಿತ್ತು. ಆಸ್ಪತ್ರೆಯ ದಾಖಲೆ, ಬಿಲ್ಲುಗಳು, ಆ ದಿನದ ಆರ್ಡರುಗಳ ಸ್ಕ್ರೀನ್‌ಶಾಟ್ ಸೇರಿಸಿ ಅರ್ಜಿ ಹಾಕಿದಾಗ ಖರ್ಚಿನ ಸುಮಾರು ಅರ್ಧ ಬಂತು. ಅಷ್ಟರಲ್ಲಿ ಅವನು ಚಾಕಣದ ಗೋದಾಮೊಂದರಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸಕ್ಕೆ ಸೇರಿದ್ದ.

ನಿಯಮಗಳು ಹುಟ್ಟಿದ ಬಗೆ

ಪಾಲಿನ ನಿಧಿಯನ್ನು ಹೇಗೆ ನಡೆಸಬೇಕೆಂದು ಮಾತಾಡಲು ಕರೆದ ಮೊದಲ ಸಭೆ ನಡೆದದ್ದು ಭಾನುವಾರ ಮಧ್ಯಾಹ್ನ, ಸೊಸೈಟಿಯ ಕ್ಲಬ್‌ಹೌಸಿನಲ್ಲಿ. ಎಂಜಿನಿಯರುಗಳು ಬಂದರು, ಹುಡುಗರಲ್ಲಿ ಇಬ್ಬರೇ ಬಂದರು. ಭಾನುವಾರ ಮಧ್ಯಾಹ್ನವೆಂದರೆ ಅವರಿಗೆ ವಾರದಲ್ಲೇ ಹೆಚ್ಚು ಗಳಿಕೆಯ ಹೊತ್ತು ಎಂಬುದು ಕರೆದವರಿಗೆ ಹೊಳೆದಿರಲಿಲ್ಲ. ಎರಡನೆಯ ಸಭೆಯನ್ನು ಮಂಗಳವಾರ ಸಂಜೆ ನಾಲ್ಕಕ್ಕೆ ಖಾನಾವಳಿಯಲ್ಲೇ ಇಟ್ಟರು. ಮಧ್ಯಾಹ್ನದ ಊಟದ ಆರ್ಡರುಗಳು ಮುಗಿದು ರಾತ್ರಿಯವು ಶುರುವಾಗುವ ನಡುವಿನ ಆ ಹೊತ್ತಿನಲ್ಲಿ ಹುಡುಗರೂ ಖಾಲಿ, ಅಕ್ಕಾರ ಒಲೆಯೂ ಖಾಲಿ. ಮನೆಯಿಂದಲೇ ಕೆಲಸ ಮಾಡುವ ಎಂಜಿನಿಯರುಗಳು ಒಂದು ಗಂಟೆ ಬಿಡುವು ಮಾಡಿಕೊಂಡು ಬರಬೇಕಾಯಿತು. ಯಾರ ಅನುಕೂಲಕ್ಕೆ ಯಾರು ಹೊಂದಿಕೊಳ್ಳಬೇಕೆಂಬ ಪ್ರಶ್ನೆ ಸಮಯದ ಆಯ್ಕೆಯಲ್ಲೇ ಇತ್ಯರ್ಥವಾಗಿತ್ತು. ಖೋಲಿಯ ಬದಲು ಖಾನಾವಳಿ ಆದದ್ದರಿಂದ ಬೀದರ ಕಡೆಯ ಇಬ್ಬರು ಹೆಣ್ಣುಮಕ್ಕಳು, ಅವರೂ ಡೆಲಿವರಿ ಮಾಡುವವರೇ, ಮುಂದೆ ಸಂಕೋಚವಿಲ್ಲದೆ ಸೇರಿಕೊಂಡರು.

ಇದ್ದ ಭಿಶಿಯನ್ನೇ ದೊಡ್ಡದು ಮಾಡೋಣ ಎಂಬುದು ಮೊದಲ ಸಲಹೆ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಚಿಟ್ ಆರಂಭಿಸುವಂತಿಲ್ಲವೆಂದು ನಾನು ತಿಳಿಸಿದೆ. ಆದರೆ ಅವರನ್ನು ಒಪ್ಪಿಸಿದ್ದು ಕಾಯ್ದೆಗಿಂತ ಶರಣುವಿನ ಅನುಭವ: ಭಿಶಿ ಪಾಳಿಯನ್ನು ನೋಡುತ್ತದೆ, ಕಷ್ಟ ಪಾಳಿಯನ್ನು ನೋಡಿ ಬರುವುದಿಲ್ಲ. ಹಾಗಾಗಿ ನಡೆಯುತ್ತಿದ್ದ ಸುತ್ತನ್ನು ಮುಗಿಸಿ, ಚೀಟಿ, ಲಿಲಾವು, ಬಡ್ಡಿ ಯಾವುದೂ ಇಲ್ಲದ ಪ್ರತ್ಯೇಕ ನಿಧಿ ಮಾಡಿದರು. ತಲೆಗೆ ತಿಂಗಳಿಗೆ ಐನೂರು ರೂಪಾಯಿ, ರೈಡರಾದರೂ ಎಂಜಿನಿಯರಾದರೂ ಅಷ್ಟೇ; ಹೆಚ್ಚು ಹಾಕುತ್ತೇನೆಂದವರಿಗೆ ಅವಕಾಶವಿಲ್ಲ. ಗಳಿಕೆ ನಿಂತವರು ಒಮ್ಮೆಗೆ ಐದು ಸಾವಿರದವರೆಗೆ ಎತ್ತಬಹುದು, ಹತ್ತು ತಿಂಗಳಲ್ಲಿ ಮರಳಿಸಬೇಕು. ವಹಿಯನ್ನು ಕನ್ನಡದಲ್ಲಿ ಬರೆಯಬೇಕು, ಪ್ರತಿ ಮಂಗಳವಾರ ಆ ಪುಟದ ಫೋಟೊ ಎಲ್ಲರ ಮೊಬೈಲಿಗೆ ಹೋಗಬೇಕು.

ಒಬ್ಬರ ಐಡಿಯ ಮೇಲೆ ಇನ್ನೊಬ್ಬರು ಓಡಿಸಕೂಡದು ಎಂಬ ನಿಯಮವನ್ನು ಮುಂದಿಟ್ಟವನು ಮಾಳಪ್ಪ. ಹಾಗಾದರೆ ಬಿದ್ದವನಿಗೆ ಕೈಯಾಸರೆ ಏನು ಎಂದು ಯಾರೋ ಕೇಳಿದಾಗ ಅವನೇ ಉತ್ತರವನ್ನೂ ಕೊಟ್ಟ: "ನನ್ನ ಐಡಿ ಮ್ಯಾಲೇ ಹೊಡಿತೀನಿ. ಆ ಸಂಜಿ ರೊಕ್ಕ ಮಾತ್ರ ಅವಂದು." ಸದಸ್ಯನೊಬ್ಬ ಕೆಲಸ ಮಾಡಲಾಗದೆ ಮಲಗಿದರೆ, ಉಳಿದ ರೈಡರುಗಳು ತಲಾ ಒಂದು ಸಂಜೆಯ ಗಳಿಕೆಯನ್ನು ಅವನಿಗೆ ಬಿಟ್ಟುಕೊಡಬೇಕು, ಇದು ಸಾಲವಲ್ಲ, ಮರಳಿಸುವ ಮಾತಿಲ್ಲ. ರೈಡರುಗಳಲ್ಲದವರು ಆ ಅವಧಿಯಲ್ಲಿ ಅವನ ಅರ್ಜಿ, ವಿಮೆ, ಆಸ್ಪತ್ರೆಯ ಕಾಗದಗಳನ್ನು ನೋಡಿಕೊಳ್ಳಬೇಕು. ಇಡೀ ವ್ಯವಸ್ಥೆಯಲ್ಲಿ ಇದೇ ಅತ್ಯಂತ ಜಾಣತನದ ನಿರ್ಧಾರ ಎಂದು ನನಗೆ ಅನ್ನಿಸುತ್ತದೆ. ಮುಯ್ಯಾಳಿನ ತಿರುಳು ಉಳಿಯಿತು, ಯಂತ್ರವು ಹಿಡಿಯುವಂಥ ಭಾಗವಷ್ಟೇ ಬಿಟ್ಟುಹೋಯಿತು.

ಇದರ ಜೊತೆಗೆ ಎಲ್ಲರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿದರು. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆಂಬುದು ಅರ್ಧಕ್ಕಿಂತ ಹೆಚ್ಚು ಮಂದಿಗೆ ಗೊತ್ತೇ ಇರಲಿಲ್ಲ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಶ್ರಮ್‌ನಲ್ಲಿ ನೋಂದಣಿಯೂ ಅಲ್ಲೇ ಆಯಿತು. ಸಾಧ್ಯವಾದವರು ಬೈಕನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು.

ಎರಡನೆಯ ಪರೀಕ್ಷೆ

ಮರುವರ್ಷ ಶ್ರೀಧರ ಮಂಗಳವಾರಗಳಂದು ಬರುವುದನ್ನು ನಿಲ್ಲಿಸಿದರು. ಕೆಲಸದ ಒತ್ತಡವೆಂದು ಎಲ್ಲರೂ ಅಂದುಕೊಂಡರು. ಅದೇ ಸಮುಚ್ಚಯಕ್ಕೆ ದಿನವೂ ಹೋಗುವ ಮಾಳಪ್ಪನಿಗೆ ಮಾತ್ರ ಅವರು ನಡುಹಗಲಲ್ಲಿ ಕೆಳಗಿನ ಕಟ್ಟೆಯ ಮೇಲೆ ಒಬ್ಬರೇ ಕೂತಿರುವುದು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಒಂದು ದಿನ ಗಾಡಿ ನಿಲ್ಲಿಸಿ ಕೇಳಿಯೇಬಿಟ್ಟ. ಕಂಪನಿ ಟೆಸ್ಟಿಂಗ್ ತಂಡವನ್ನು ಕಡಿತಗೊಳಿಸಿತ್ತು. ಆ ಕೆಲಸದ ಬಹುಪಾಲನ್ನು ಇನ್ನು ಮುಂದೆ ಕೃತಕ ಬುದ್ಧಿಮತ್ತೆಯ ಸಾಧನಗಳು ಮಾಡುತ್ತವೆ ಎಂದು ತಿಳಿಸಲಾಗಿತ್ತು. ಊರಿನ ತಂದೆತಾಯಿಗೆ, ಸೊಸೈಟಿಯ ಗೆಳೆಯರಿಗೆ ಅವರು ಅದನ್ನು ಹೇಳಿರಲಿಲ್ಲ. ಮಾಳಪ್ಪನಿಗೆ ಹೇಳಿದರು. ಐಡಿ ಬಂದ್ ಆಗುವುದೆಂದರೇನು ಎಂಬುದನ್ನು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ ಎಂದು ಆಮೇಲೆ ನನ್ನೊಡನೆ ಅಂದರು.

ಶ್ರೀಧರ ನಿಧಿಯಿಂದ ಐದು ಸಾವಿರ ಎತ್ತಬೇಕೆಂದು ಸೂಚಿಸಿದವರು ಅಕ್ಕಾರ. ಮಗಳ ಶಾಲಾ ಬಸ್ಸಿನ ಶುಲ್ಕ ಬಾಕಿಯಿತ್ತು. ಹುಡುಗರಲ್ಲಿ ದೊಡ್ಡ ಭಿನ್ನಾಭಿಪ್ರಾಯ ಎದ್ದಿತು. ಸ್ವಂತ ಫ್ಲ್ಯಾಟ್ ಇರುವವರಿಗೆ ನಾವು ಕೊಡಬೇಕೆ ಎಂದು ಒಬ್ಬ ನೇರವಾಗಿ ಕೇಳಿದ. ಆ ಫ್ಲ್ಯಾಟಿನ ತಿಂಗಳ ಕಂತೇ ಆ ಹುಡುಗರಲ್ಲಿ ಯಾರೊಬ್ಬನ ಗಳಿಕೆಗಿಂತಲೂ ದೊಡ್ಡದಾಗಿತ್ತೆಂಬುದು ಬೇರೆ ಮಾತು. ಶ್ರೀಧರರಿಗೂ ಮನಸ್ಸಿರಲಿಲ್ಲ. ವಹಿ ಬರೆಯುವ ಹುಡುಗ ನಿಯಮದ ಪುಟ ತೆಗೆದು ಓದಿದ: ಗಳಿಕೆ ನಿಂತ ಸದಸ್ಯ ಎಂದಿದೆ, ಬಡ ಸದಸ್ಯ ಎಂದಿಲ್ಲ. ಹಣ ಕೊಟ್ಟರು. ಆ ಮೊತ್ತದಿಂದ ಅವರ ಸಂಸಾರ ನಿಂತಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ಅವರು ಮಂಗಳವಾರಗಳಂದು ಮತ್ತೆ ಬರತೊಡಗಿದರು ಎಂಬುದಷ್ಟು ನಿಜ. ಕೆಲವು ತಿಂಗಳ ಬಳಿಕ ಕಡಿಮೆ ಸಂಬಳದ ಬೇರೆ ಕೆಲಸ ಸಿಕ್ಕಿತು, ಕಂತುಗಳನ್ನು ತಪ್ಪದೆ ಮರಳಿಸಿದರು.

ಎಲ್ಲರೂ ಹಾಗೆ ಮರಳಿಸಲಿಲ್ಲ. ಒಬ್ಬ ಐದು ಸಾವಿರ ಎತ್ತಿದ ಮರುತಿಂಗಳೇ ಹೈದರಾಬಾದಿಗೆ ಹೋದ, ನಂಬರನ್ನೂ ಬದಲಿಸಿದ. ಅವನ ಊರಿಗೆ ಹೋಗಿ ಮನೆಯವರನ್ನು ಕೇಳೋಣವೆಂಬ ಸಲಹೆಯನ್ನು ಬಹುಮತದಿಂದ ಕೈಬಿಟ್ಟು ಮೊತ್ತವನ್ನು ವಹಿಯಲ್ಲಿ ಮನ್ನಾ ಎಂದು ಬರೆದರು. ಸಿಟ್ಟಾದ ಇಬ್ಬರು ನಿಧಿಯನ್ನೇ ಬಿಟ್ಟರು. ಎಂಜಿನಿಯರುಗಳಲ್ಲೂ ಒಬ್ಬರು ಬರುವುದನ್ನು ನಿಲ್ಲಿಸಿದರು, ಕಾರಣ ಹೇಳಲಿಲ್ಲ.

ಪ್ರಕರಣದಿಂದ ತಿಳಿದದ್ದು

ಇಂಥದ್ದನ್ನು ಬೇರೆಡೆ ಮಾಡಬಯಸುವವರು ಮೊತ್ತ, ಕಂತುಗಳನ್ನು ಹೀಗೆಯೇ ನಕಲು ಮಾಡಬೇಕಾಗಿಲ್ಲ. ಈಗಾಗಲೇ ಜನ ದಿನವೂ ಬರುವ ಒಂದು ಜಾಗ ಮತ್ತು ಎಲ್ಲಕ್ಕಿಂತ ಕಡಿಮೆ ಬಿಡುವಿರುವವರಿಗೆ ಹೊಂದುವ ಒಂದು ಹೊತ್ತು, ಇವೆರಡೂ ಸಿಗದಿದ್ದರೆ ಉಳಿದದ್ದು ನಿಲ್ಲುವುದು ಕಷ್ಟ. ಪಾಲು ಎಲ್ಲರಿಗೂ ಸಮವಾಗಿದ್ದುದು ಆರಂಭದಲ್ಲಿ ಬರಿಯ ಮರ್ಯಾದೆಯ ಪ್ರಶ್ನೆಯೆಂದು ನನಗೂ ತೋರಿತ್ತು. ಅದರ ಕೆಲಸ ತಿಳಿದದ್ದು ಶ್ರೀಧರರ ವಿಷಯ ಬಂದಾಗ. ದಾನಿಯಾಗಿ ಉಳಿದಿದ್ದರೆ ಅವರು ಆ ಬಾಗಿಲಿಗೆ ಕೇಳಲು ಬರುತ್ತಿರಲಿಲ್ಲ.

ಈ ನಿಧಿ ವಿಮೆಯ ಬದಲಿಯಾಗಲಾರದು, ಕಾನೂನಿನ ಬದಲಿಯಂತೂ ಅಲ್ಲವೇ ಅಲ್ಲ. ಹದಿನಾಲ್ಕು ಹದಿನೈದು ಮಂದಿಯ ಐನೂರು ರೂಪಾಯಿಗಳು ಒಂದು ದೊಡ್ಡ ಶಸ್ತ್ರಚಿಕಿತ್ಸೆಗೆ ಸಾಲುವುದಿಲ್ಲ. ಗಿಗ್ ಕೆಲಸಗಾರರನ್ನು ಗುರುತಿಸುವ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕಾರಣ ತಿಳಿಸಿ 14 ದಿನಗಳ ಮುಂಚಿತ ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದೆಂದು ಕರ್ನಾಟಕ ತನ್ನ 2025ರ ಗಿಗ್ ಕಾರ್ಮಿಕರ ಕಾಯ್ದೆಯಲ್ಲಿ ಬರೆದಿದೆ. ಆದರೆ ಅದು ಕರ್ನಾಟಕದಲ್ಲಿ ದುಡಿಯುವವರಿಗೆ. ಗಡಿ ದಾಟಿ ಪುಣೆಗೆ ಬಂದ ಅಫಜಲಪುರದ ಹುಡುಗನಿಗೆ ಅದರ ನೆರಳು ಸಿಗುವುದಿಲ್ಲ.

ಈಗಿನ ಸ್ಥಿತಿ

ಶರಣು ಗೋದಾಮಿನ ಕೆಲಸ ಬಿಟ್ಟು ಬೇರೊಂದು ಕಂಪನಿಯ ಐಡಿಯಲ್ಲಿ ಡೆಲಿವರಿಗೆ ಮರಳಿದ್ದಾನೆ. ಮಾಳಪ್ಪ ಬೆಂಗಳೂರಿಗೆ ಹೋದ. ಆ ಕಾಯ್ದೆಯ ಸುದ್ದಿಯೂ ಒಂದು ಕಾರಣವೆಂದು ಹೇಳುತ್ತಾನೆ. ಅಲ್ಲಿಂದಲೇ ಪ್ರತಿ ತಿಂಗಳು ಐನೂರು ರೂಪಾಯಿ ಕಳಿಸಿ ಸದಸ್ಯನಾಗಿ ಉಳಿಯುವ ಆಸೆ ಅವನದು. ಕಣ್ಣೆದುರಿಗಿಲ್ಲದವನ ಕಷ್ಟವನ್ನು ಯಾರು ನೋಡಿ ದೃಢಪಡಿಸಬೇಕು, ಅವನಿಗಾಗಿ ಇಲ್ಲಿನವರು ಸಂಜೆಯ ಗಳಿಕೆ ಬಿಟ್ಟುಕೊಡಬೇಕೇ ಎಂಬ ಚರ್ಚೆ ಹಲವು ಮಂಗಳವಾರ ನಡೆಯಿತು. ಹೈದರಾಬಾದಿಗೆ ಹೋದವನ ನೆನಪು ಎಲ್ಲರಿಗೂ ಇತ್ತು. ಸದ್ಯ ಆರು ತಿಂಗಳ ಮಟ್ಟಿಗೆ ಅವನ ಪಾಲನ್ನು ತೆಗೆದುಕೊಳ್ಳುವುದು, ಎತ್ತಲು ಅನುಮತಿ ಕೊಡದಿರುವುದು ಎಂದಾಗಿದೆ. ಇದು ಸರಿಯಲ್ಲವೆಂದು ಅಕ್ಕಾರ ತಮ್ಮ ಭಿನ್ನಮತವನ್ನು ಅದೇ ಪುಟದ ಕೆಳಗೆ ಬರೆಸಿದ್ದಾರೆ.